ದೂರದ ಓಣಿಯ ಹೆಪ್ಪು

ಏಪ್ರಿಲ್ ಹನ್ನೊಂದರ ಬೆಳಿಗ್ಗೆ ಮೃದುಲಿನ್ ತನ್ನ ಆಕಾರವನ್ನು ಮರೆಯಿತು.

ಇದನ್ನು ಇನ್ನೂ ಸರಳವಾಗಿ ಹೇಳಲು ನಾಲ್ಕಾರು ಸಲ ಪ್ರಯತ್ನಿಸಿದ್ದೇನೆ, ಆಗಿಲ್ಲ. ಮೃದುಲಿನ್ ಒಂದು ಔಷಧ. ಮರಗಟ್ಟು ರೋಗ ಇರುವವರಿಗೆ ದಿನಕ್ಕೊಂದು ಗುಳಿಗೆ, ಅದರಲ್ಲಿ ಎರಡೇ ಮಿಲಿಗ್ರಾಂ ಮದ್ದು. ಅದು ತಪ್ಪಿದರೆ ಮೊದಲು ಬೆರಳು, ಆಮೇಲೆ ತೋಳು, ದವಡೆ, ಕೊನೆಗೆ ಎದೆಗೂಡಿನ ಸ್ನಾಯುಗಳು ಕಟ್ಟಿಗೆಯಂತೆ ಬಿಗಿದುಕೊಳ್ಳುತ್ತವೆ. ಜಗತ್ತಿನಲ್ಲಿ ಆ ರೋಗ ಇರುವವರು ಸುಮಾರು ತೊಂಬತ್ತು ಸಾವಿರ ಮಂದಿ. ಅವರೆಲ್ಲರಿಗೂ ಮದ್ದು ಹೋಗುತ್ತಿದ್ದುದು ಮೂರು ಕಾರ್ಖಾನೆಗಳಿಂದ. ಅವುಗಳಲ್ಲಿ ದೊಡ್ಡದು ಧಾರವಾಡದ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮದು. ದೊಡ್ಡದು ಎಂದರೂ ಇನ್ನೂರು ಲೀಟರಿನ ಒಂದು ಉಕ್ಕಿನ ಪಾತ್ರೆ. ತಿಂಗಳಿಗೆ ಎರಡು ಸಲ ಅದರಲ್ಲಿ ಮದ್ದು ಹರಳುಗಟ್ಟಬೇಕು. ಅಷ್ಟೇ.

ನಾನು ಅಲ್ಲಿ ಪ್ರೊಸೆಸ್ ಕೆಮಿಸ್ಟ್. ಔಷಧವನ್ನು ಕಂಡುಹಿಡಿಯುವವರು ಬೇರೆ. ಅವರ ಗಾಜಿನ ಪಾತ್ರೆಯಲ್ಲಿ ಒಂದು ಚಮಚ ಬಂದದ್ದು ನಮ್ಮ ಉಕ್ಕಿನ ಪಾತ್ರೆಯಲ್ಲಿ ಕಿಲೋಗಟ್ಟಲೆ, ಪ್ರತಿಸಲವೂ ಒಂದೇ ತರಹ ಬರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷಗಳ ಹಿಂದೆ ಅದೇ ಕಾರ್ಖಾನೆಯ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ತೊಳೆಯಲು ಸೇರಿ, ಸಂಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಈ ಹುದ್ದೆಗೆ ಬಂದವಳು. ಅದಕ್ಕೇ ಇರಬೇಕು, ಬೇರೆಯವರು ಒಮ್ಮೆ ಮಾಡುವ ಲೆಕ್ಕವನ್ನು ನಾನು ಮೂರು ಸಲ ಮಾಡುತ್ತೇನೆ.

ಆ ಬೆಳಿಗ್ಗೆ ಹಿರಿಯ ಆಪರೇಟರ್ ದಾವಲಸಾಬ ಫೋನ್ ಮಾಡಿದರು. ಒಂಬತ್ತು ವರ್ಷದಿಂದ ಆ ಪಾತ್ರೆಯ ಮುಂದೆ ನಿಂತವರು ಅವರು.

"ಕಸ್ತೂರಿ ಮೇಡಂ, ಸ್ವಲ್ಪ ಕೆಳಗ ಬರ್ರಿ."

ನಾನು ಹೋದಾಗ ಅವರು ಸೋಸಿದ ಪುಡಿಯನ್ನು ಕೈಗವಸಿನ ಅಂಗೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ ನಿಂತಿದ್ದರು.

"ಇದು ನಮ್ಮ ಮಾಲ್ ಅಲ್ರಿ."

"ಅಂದ್ರ?"

"ನಮ್ಮದು ಹೊಳೀತಿತ್ತು. ಇದು ಸಜ್ಜಿ ತೆನಿ ಮುಳ್ಳಿನಂಗ ಐತಿ ನೋಡ್ರಿ. ಹೆಪ್ಪ ಕೆಟ್ಟೈತಿ."

ಹೆಪ್ಪು ಎಂಬುದು ನಮ್ಮ ಕಾರ್ಖಾನೆಯ ಮಾತು. ಪುಸ್ತಕದಲ್ಲಿ ಅದನ್ನು ಬೀಜ ಹರಳು ಎನ್ನುತ್ತಾರೆ. ಮದ್ದು ಕರಗಿರುವ ಬಿಸಿ ದ್ರಾವಣವನ್ನು ನಲವತ್ತೆರಡು ಡಿಗ್ರಿಗೆ ಆರಿಸಿ, ಹಿಂದಿನ ಒಳ್ಳೆಯ ಹರಳಿನ ಚಿಟಿಕೆ ಪುಡಿಯನ್ನು ಅದಕ್ಕೆ ಹಾಕುತ್ತೇವೆ. ಕರಗಿದ ಮದ್ದು ಆ ಪುಡಿಯನ್ನು ನೋಡಿ, ಅದೇ ಸಾಲು, ಅದೇ ಮಡಿಕೆಯಲ್ಲಿ ಹರಳಾಗುತ್ತದೆ. ಹಾಲಿಗೆ ಮೊಸರು ಬೆರೆಸಿದ ಹಾಗೆಯೇ. ಯಾವ ಮೊಸರು ಹಾಕಿದಿರೋ ಅದೇ ಮೊಸರು.

ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದೆ. ಒಂಬತ್ತು ವರ್ಷ ನಾನು ಕಂಡದ್ದು ಅಭ್ರಕದ ಹಾಳೆಗಳಂಥ ತೆಳ್ಳನೆಯ ತಟ್ಟೆಗಳನ್ನು. ಈಗ ಇದ್ದದ್ದು ಸೂಜಿಗಳು. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೂ ತಪ್ಪಿಲ್ಲದ, ಅಂಚಿನಲ್ಲಿ ನೀಲಿ ಹಾಯುವ ಸೂಜಿಗಳು. ನಾನು ಹೆದರಬೇಕಿತ್ತು, ಹೆದರಿದೆ ಕೂಡ. ಆದರೆ ಮೊದಲ ಕ್ಷಣ ಉಸಿರು ಹಿಡಿದು ನಿಂತದ್ದು ಹೆದರಿಕೆಯಿಂದಲ್ಲ.

ಪರೀಕ್ಷೆಗಳು ಬಂದವು. ಅಣು ಅದೇ. ಒಂದು ಪರಮಾಣುವೂ ಆಚೀಚೆ ಇಲ್ಲ. ಜೋಡಣೆ ಮಾತ್ರ ಬೇರೆ. ಅದೇ ಇಟ್ಟಿಗೆ, ಬೇರೆ ಗೋಡೆ. ಈ ಹೊಸ ಗೋಡೆ ಎಷ್ಟು ಗಟ್ಟಿಯೆಂದರೆ ಹೊಟ್ಟೆಯ ನೀರಿನಲ್ಲಿ ಕರಗುವುದೇ ಇಲ್ಲ. ನುಂಗಿದ ಗುಳಿಗೆ ನುಂಗಿದ ಹಾಗೆಯೇ ಹೊರಬರುತ್ತದೆ.

* * *

ಮರಗಟ್ಟು ರೋಗದ ತೊಂಬತ್ತು ಸಾವಿರ ಜನರಲ್ಲಿ ಒಬ್ಬರು ನನ್ನ ಗಂಡ.

ಮುತ್ತಣ್ಣನಿಗೆ ಹೊಸಯಲ್ಲಾಪುರದಲ್ಲಿ ನಮ್ಮ ಮನೆಯ ಮುಂಭಾಗದಲ್ಲೇ ಟೇಲರ್ ಅಂಗಡಿ. ಮದುವೆಯಾದ ಎರಡನೇ ವರ್ಷ ಅವರ ಬೆರಳು ಹಿಡಿದುಕೊಳ್ಳತೊಡಗಿತ್ತು. ಮೃದುಲಿನ್ ಬಂದ ಮೇಲೆ ಖಣದ ಕುಪ್ಪಸ ಹೊಲಿಯಲು ಊರ ಹೆಂಗಸರೆಲ್ಲ ಇವರ ಹತ್ತಿರವೇ ಬರುವಷ್ಟು ಕೈ ಹದವಾಯಿತು. ನಾನು ಮಾಡಿದ ಮದ್ದು ನನ್ನ ಮನೆಗೇ ಬರುತ್ತಿತ್ತು.

ಆ ದಿನ ಸಂಗತಿಯನ್ನು ಹೇಳಿದೆ.

"ಅಂದ್ರ ಮದ್ದ ಐತಿ, ಆದ್ರ ಇಲ್ಲ," ಎಂದರು, ಕತ್ತರಿ ಕೆಳಗಿಟ್ಟು.

"ಹೂಂ."

"ನಮ್ಮ ರೇಷನ್ ಅಂಗಡಿ ಹಂಗ ಆತು ಬಿಡು. ಸಾಮಾನ ಐತಿ ಅಂತಾನ, ಕೊಡೂದಿಲ್ಲ."

"ರೀ, ನಗಬ್ಯಾಡ್ರಿ."

"ನಕ್ಕಿಲ್ಲಬೇ. ಎಷ್ಟ ದಿನದ್ದ ಐತಿ ಸ್ಟಾಕು?"

"ಎಲ್ಲಾ ಕೂಡಿ ಆಗಸ್ಟ್ ತನಕ."

ಅವರು ಕತ್ತರಿಯನ್ನು ಮತ್ತೆ ಎತ್ತಿಕೊಂಡರು. "ಹಂಗಾರ ಶ್ರಾವಣದ ಕುಪ್ಪಸಾ ಈಗ ಹೊಲದ ಇಡ್ತೀನಿ."

* * *

ಕಾರಣ ಹುಡುಕುತ್ತ ನಾನು ಮಾರ್ಚ್ ತಿಂಗಳ ಕೊನೆಯ ಬ್ಯಾಚಿಗೆ ಬಂದು ನಿಂತೆ. ಆ ಸಲ ಒಂದು ಪರೀಕ್ಷೆಯಲ್ಲಿ ಒಂದು ಗೆರೆ ಎಂದಿಗಿಂತ ಕೂದಲೆಳೆಯಷ್ಟು ಎತ್ತರ ಬಂದಿತ್ತು. ಬೇರೆ ಯಾರೇ ಆಗಿದ್ದರೂ ಅದು ಮಿತಿಯೊಳಗಿದೆ ಎಂದು ಸೋಸಿಬಿಡುತ್ತಿದ್ದರು. ನನಗೆ ನನ್ನ ಕೈಯ ಮೇಲೇ ನಂಬಿಕೆ ಬರಲಿಲ್ಲ. ಪರೀಕ್ಷೆಯನ್ನು ಮತ್ತೆ ಮಾಡಿಸಿದೆ, ಮತ್ತೆ ಮಾಡಿಸಿದೆ. ಅಷ್ಟು ಹೊತ್ತೂ, ಮೂರು ದಿನ, ದ್ರಾವಣ ನಲವತ್ತೆರಡು ಡಿಗ್ರಿಯಲ್ಲಿ ತಿರುಗುತ್ತಲೇ ಇತ್ತು.

ಆ ಮೂರು ದಿನದಲ್ಲಿ ಯಾವಾಗಲೋ ಕೆಲವು ನೂರು ಅಣುಗಳು, ಯಾರೂ ಹೇಳದೆ, ಒಂದೇ ಗಳಿಗೆಯಲ್ಲಿ ಹೊಸ ರೀತಿಯಲ್ಲಿ ಪಕ್ಕಪಕ್ಕ ನಿಂತವು. ಮಹಾ ಸಮುದ್ರದಲ್ಲಿ ನೂರು ಮೀನು ತಾವಾಗಿಯೇ ಒಂದು ರಂಗೋಲಿ ಬಿಡಿಸಿದ ಹಾಗೆ. ಭೂಮಿಯ ಮೇಲೆ ಹಿಂದೆಂದೂ ಇರದಿದ್ದ ಒಂದು ಘನವಸ್ತು, ಬಹುಶಃ ನಕ್ಷತ್ರಗಳಲ್ಲಿ ಎಲ್ಲಿಯೂ ಇರದಿದ್ದದ್ದು, ಧಾರವಾಡದ ಒಂದು ಉಕ್ಕಿನ ಪಾತ್ರೆಯಲ್ಲಿ ಹುಟ್ಟಿತು. ಅದಕ್ಕೆ ಬೇಕಿದ್ದದ್ದು ಸಮಯ. ಸಮಯ ಕೊಟ್ಟವಳು ನಾನು.

ಆ ಬ್ಯಾಚು ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು. ಸೂಜಿಗಳು ಅಷ್ಟು ಕಡಿಮೆ ಇದ್ದವು. ಮುಂದಿನ ಸಲಕ್ಕೆ ಹೆಪ್ಪು ಅದರಿಂದಲೇ ಹೋಯಿತು. ಹಾಗೆ ಹೋಗಬಾರದಿತ್ತು. ನಿಯಮದ ಪ್ರಕಾರ ಹೆಪ್ಪನ್ನು ಪ್ರಯೋಗಾಲಯದ ಮೊಹರು ಮಾಡಿದ ಬಾಟಲಿಯಿಂದ ತೆಗೆಯಬೇಕು. ಆದರೆ ದಾವಲಸಾಬರು ಪ್ರತಿ ಒಳ್ಳೆಯ ಬ್ಯಾಚಿನಿಂದ ಒಂದು ಚಿಟಿಕೆಯನ್ನು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಎತ್ತಿಟ್ಟು, ಮನೆಯ ಮೊಸರಿನಂತೆ, ಬ್ಯಾಚಿನಿಂದ ಬ್ಯಾಚಿಗೆ ಒಂಬತ್ತು ವರ್ಷ ದಾಟಿಸಿದ್ದರು. ಅದರಿಂದ ಹರಳು ಬಾಟಲಿಯದಕ್ಕಿಂತ ಚೆನ್ನಾಗಿ ಬರುತ್ತಿತ್ತು. ನನಗೆ ಅದು ಗೊತ್ತಿತ್ತು. ದಾಖಲೆಯಲ್ಲಿ "ಬಾಟಲಿ" ಎಂದು ಬರೆದು ಸಹಿ ಮಾಡುತ್ತಿದ್ದವಳೂ ನಾನೇ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ನಮ್ಮ ಸಂಶೋಧನಾ ಮುಖ್ಯಸ್ಥೆ ಡಾ. ಮಂದಾಕಿನಿ ಕೊಪ್ಪೀಕರ ಅವರ ಮುಂದಿಟ್ಟೆ. ದಾವಲಸಾಬರೂ ನನ್ನ ಹಿಂದೆ ಬಂದು ನಿಂತರು.

"ಡಬ್ಬಿ ನಂದ್ರಿ. ಅವರ ಹೆಸರು ತಗೀಬ್ಯಾಡ್ರಿ," ಎಂದರು.

"ಸಹಿ ನಂದು," ಎಂದೆ.

ಡಾ. ಕೊಪ್ಪೀಕರ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. "ಇಬ್ರೂ ಜಗಳಾ ಆಮ್ಯಾಲೆ ಆಡ್ರಿ. ತಪ್ಪು ಬರಕೋತೀನಿ, ಬಿಡೂದಿಲ್ಲ. ಮೊದಲು ಹೇಳು ಕಸ್ತೂರಿ, ಹಳೇದು ಮತ್ತ ಹೆಂಗ ತರ್ತೀ?"

ಪಾತ್ರೆ ಬದಲಿಸಿದೆವು. ಕೊಳವೆ ಬದಲಿಸಿದೆವು. ಹೊಸ ಕಟ್ಟಡದಲ್ಲಿ, ಹೊಸ ಗಾಜಿನಲ್ಲಿ, ಮೊಹರಿನ ಬಾಟಲಿಯ ಹಳೆಯ ಹೆಪ್ಪು ಹಾಕಿ ಮಾಡಿದೆವು. ಪ್ರತಿಸಲವೂ ಸೂಜಿ. ಮೇಲಿನ ಕೆರೆಯ ನೀರು ಕೆಳಗಿನ ಕಣಿವೆಗೆ ಒಮ್ಮೆ ದಾರಿ ಕಂಡುಕೊಂಡರೆ ಕೆರೆಯಲ್ಲಿ ನಿಲ್ಲುವುದಿಲ್ಲ. ಹೊಸ ರೂಪ ಆ ಕಣಿವೆ. ಅದರ ಒಂದು ಕಣ, ಕಣ್ಣಿಗೆ ಕಾಣದ್ದು, ಕೂದಲಲ್ಲೋ ಉಗುರಲ್ಲೋ ಕೂತು ಬಂದರೂ ಸಾಕು. ದ್ರಾವಣ ಅದನ್ನೇ ನೋಡಿ ಅದನ್ನೇ ಕಲಿಯುತ್ತದೆ. ಒಣಗಿದ ಹಳೆಯ ಪುಡಿಗೆ, ಗುಳಿಗೆಗೆ ಆ ಭಯವಿಲ್ಲ. ಕರಗಿದಾಗ ಮಾತ್ರ ಅದು ದಾರಿ ತಪ್ಪುತ್ತದೆ.

ಗುಜರಾತಿನ ಕಾರ್ಖಾನೆಯಲ್ಲಿ ಇನ್ನೂ ತಟ್ಟೆ ಹರಳು ಬರುತ್ತಿತ್ತು. ಅವರಿಗೆ ಸಹಾಯ ಮಾಡಲು ನನ್ನನ್ನು ಕಳಿಸಿದರು. ನಾನು ಎರಡು ದಿನ ಇದ್ದು ಬಂದೆ. ಮೂರನೇ ದಿನ ಅಲ್ಲಿ ಸೂಜಿ. ಐರ್ಲೆಂಡಿನ ಕಾರ್ಖಾನೆಗೆ ನಾನು ಕಳಿಸಿದ್ದು ಒಂದು ಕಾಗದದ ಫೈಲ್ ಮಾತ್ರ. ಹತ್ತು ದಿನಕ್ಕೆ ಅಲ್ಲಿಯೂ ಸೂಜಿ. ಆಮೇಲೆ ಜಗತ್ತಿನ ಯಾವ ಪ್ರಯೋಗಾಲಯದ ಬಾಗಿಲೂ ನನಗೆ ತೆರೆಯಲಿಲ್ಲ. ಯಾರನ್ನೂ ದೂರಲಾರೆ. ಅವರ ಜಾಗದಲ್ಲಿ ನಾನಿದ್ದರೂ ತೆರೆಯುತ್ತಿರಲಿಲ್ಲ.

* * *

ಜೂನ್‌ನಿಂದ ಆಸ್ಪತ್ರೆಗಳು ದಿನಕ್ಕೊಂದರ ಬದಲು ಎರಡು ದಿನಕ್ಕೊಂದು ಗುಳಿಗೆ ಕೊಡತೊಡಗಿದವು. ರೋಗಿಗಳು ತಮ್ಮತಮ್ಮಲ್ಲೇ ವ್ಯವಸ್ಥೆ ಮಾಡಿಕೊಂಡರು. ಕೈ ಬೇಕಾದ ದಿನ ನುಂಗುವುದು, ಬೇಡದ ದಿನ ಬಿಡುವುದು. ಹುಬ್ಬಳ್ಳಿಯ ಒಬ್ಬ ಮೇಷ್ಟ್ರು ವಾರದ ಪಾಠವನ್ನೆಲ್ಲ ಮೂರು ದಿನಕ್ಕೆ ಒಟ್ಟು ಮಾಡಿಕೊಂಡರಂತೆ. ಮುತ್ತಣ್ಣ ಗುಳಿಗೆಯ ದಿನ ಕತ್ತರಿಸುತ್ತಿದ್ದರು, ಮರುದಿನ ಗುಂಡಿ ಹಚ್ಚುತ್ತಿದ್ದರು. ಆಮೇಲೆ ಗುಂಡಿಯೂ ಆಗದಾಯಿತು. ಮಷಿನ್ನಿನ ಮೇಲೆ ಬಟ್ಟೆ ಹೊದಿಸಿ, ಬಂದ ಗಿರಾಕಿಗಳಿಗೆ ಅಳತೆಯನ್ನು ಬಾಯಲ್ಲೇ ಹೇಳಿ ಬೇರೆ ಅಂಗಡಿಗೆ ಕಳಿಸುತ್ತಿದ್ದರು.

ಒಂದು ಬೆಳಿಗ್ಗೆ ಪಕ್ಕದ ಮನೆಯ ನಿಂಗವ್ವ ಬಟ್ಟಲು ಹಿಡಿದು ಬಂದಳು. ನಾನು ಹೆಪ್ಪು ಕೇಳಲು ಬಂದಿದ್ದಾಳೆಂದು ಎದ್ದೆ.

"ನಿನ್ನ ಹೆಪ್ಪ ಬ್ಯಾಡವಾ," ಎಂದಳು. "ನಿನಗ ಕೊಡಾಕ ಬಂದೀನಿ. ನಿಮ್ಮ ಮನ್ಯಾಗ ಮೊಸರು ಲೋಳಿ ಲೋಳಿ ಆಗಿಲ್ಲೇನು?"

ಆಗಿತ್ತು. ಒಂದು ವಾರದಿಂದ ಮೊಸರು ಎಳೆಎಳೆಯಾಗಿ ಬರುತ್ತಿತ್ತು. ನನಗೆ ಅದರ ಕಡೆ ಲಕ್ಷ್ಯವೇ ಇರಲಿಲ್ಲ.

"ನಂದೂ ಹಂಗ ಆಗಿತ್ತು. ಆಚಿ ಮನಿ ಶಾಂತಕ್ಕನ ಹಂತ್ಯಾಕ ತಂದೆ, ಅದೂ ಲೋಳಿ. ಆಕಿ ಯಾರ ಹಂತ್ಯಾಕ ತಂದಿದ್ಳು? ನನ್ನ ಹಂತ್ಯಾಕ! ಈ ಓಣಿ ಹೆಪ್ಪೆಲ್ಲಾ ಒಂದ ತಾಯಿ ಮಕ್ಕಳು, ಕಸ್ತೂರಿ. ಕೆಟ್ರ ಎಲ್ಲಾ ಕೂಡೇ ಕೆಡ್ತಾವು. ಮದಿಹಾಳಕ್ಕ ಹೋಗಿ ನಮ್ಮ ಅತ್ತಿಗಿ ಮನಿಂದ ತಂದೆ. ಹೆಪ್ಪ ಕೆಟ್ಟಾಗ ದೂರದ ಓಣಿಗೆ ಹೋಗ್ಬೇಕು. ನಮ್ಮ ಮಂದಿ ಕಾಲಿಡದ ಓಣಿಗೆ."

ನಾನು ಬಟ್ಟಲನ್ನು ಕೈಯಲ್ಲಿ ಹಿಡಿದೇ ನಿಂತಿದ್ದೆ. ಒಳಗಿನಿಂದ ಮುತ್ತಣ್ಣ ಕೂಗಿದರು: "ಏನಾತು? ಯಾಕ ಸುಮ್ಮಾದ್ರಿ ಇಬ್ರೂ?"

ನಮ್ಮ ಮಂದಿ ಕಾಲಿಡದ ಓಣಿ. ಮಾರ್ಚ್ ಕೊನೆಯಿಂದೀಚೆಗೆ ಜಗತ್ತಿನ ಯಾರೂ ಕಾಲಿಡದ ಓಣಿ ಎಲ್ಲಿದೆ?

ಡಾ. ಕೊಪ್ಪೀಕರರಿಗೆ ಫೋನ್ ಮಾಡಿ, ಮಾತಿನ ಮಧ್ಯೆ ಎರಡು ಸಲ ಕ್ಷಮೆ ಕೇಳಿ, ನಿಂಗವ್ವ ಹೇಳಿದ್ದನ್ನು ಹಾಗೆಯೇ ಹೇಳಿದೆ.

"ದಕ್ಷಿಣ ಧ್ರುವ ಖಂಡದಾಗ ನಮ್ಮ ದೇಶದ್ದೊಂದು ನೆಲೆ ಅದ," ಎಂದರು ಅವರು. "ಫೆಬ್ರುವರಿ ಕೊನೀಗೆ ಹಡಗು ಬಿಟ್ಟು ಬಂದದ. ಹನ್ನೊಂದು ಮಂದಿ. ಮತ್ತ ಹಡಗು ಹೋಗೂದು ನವೆಂಬರಿಗೆ. ನಡುವ ಒಂದು ಹಕ್ಕೀನೂ ಹೋಗಿಲ್ಲ."

ವಿಚಾರಿಸಿದರು. ನೆಲೆಯ ಔಷಧ ಪೆಟ್ಟಿಗೆಯಲ್ಲಿ, ಚಳಿಗೆ ಸ್ನಾಯು ಸೆಟೆದುಕೊಂಡರೆ ಕೊಡಲೆಂದು ಇಟ್ಟ ಒಂದು ಡಬ್ಬಿ ಮೃದುಲಿನ್ ಗುಳಿಗೆ ಇತ್ತು. ಎರಡು ವರ್ಷ ಹಳೆಯದು. ತಟ್ಟೆ ಹರಳಿನದು. ಅಲ್ಲಿಗೆ ಸೂಜಿಯ ಧೂಳು ಹೋಗಿರಲಿಲ್ಲ.

ನಾನು ಲೆಕ್ಕ ಹಾಕಿದೆ. ಮೂರು ಸಲ. ತೊಂಬತ್ತು ಸಾವಿರ ಜನಕ್ಕೆ ಎರಡು ಮಿಲಿಗ್ರಾಂ ಎಂದರೆ ದಿನಕ್ಕೆ ನೂರಾ ಎಂಬತ್ತು ಗ್ರಾಂ. ಇಪ್ಪತ್ತು ಲೀಟರಿನ ಒಂದು ಪಾತ್ರೆಯಲ್ಲಿ ಒಂದು ಸಲಕ್ಕೆ ನಾನೂರು ಗ್ರಾಂ ಬರುತ್ತದೆ. ಜಗತ್ತಿಗೆ ಬೇಕಾದದ್ದು ಒಂದು ಅಡುಗೆಮನೆ.

* * *

ಹೆಪ್ಪು ಅಲ್ಲಿದೆ. ಕರಗಿಸಿದ ಮದ್ದನ್ನು ಇಲ್ಲಿಂದ ಕಳಿಸಬೇಕು. ಅದರಲ್ಲಿ, ಅದರ ಡಬ್ಬಿಯ ಮೇಲೆ, ಸೂಜಿಯ ಒಂದು ಕಣ ಉಳಿದಿದ್ದರೂ ಆ ಕೊನೆಯ ಓಣಿಯೂ ಕೆಟ್ಟಂತೆ, ಎಂದೆಂದಿಗೂ. ದ್ರಾವಣವನ್ನು ಸೋಸಿ, ಕುದಿಯುವ ಮಟ್ಟದಲ್ಲಿ ಆರು ಗಂಟೆ ಇಟ್ಟು, ಗಾಜಿನ ಹೂಜಿಗಳಲ್ಲಿ ತುಂಬಿ, ಬಾಯಿಯ ಗಾಜನ್ನೇ ಕರಗಿಸಿ ಮುಚ್ಚಿ, ಹೊರಮೈಯನ್ನು ಬೆಂಕಿಯಲ್ಲಿ ಹಾಯಿಸಬೇಕೆಂದು ಬರೆದುಕೊಟ್ಟೆ. ಒಂದು ಗಂಟೆ ಸಾಕೆಂದರು ಎಂಜಿನಿಯರುಗಳು. ಆರು ಎಂದೆ. ಜೀವನದಲ್ಲಿ ಮೊದಲ ಸಲ ನನ್ನ ಸಂಶಯಕ್ಕೆ ಎಲ್ಲರೂ ತಲೆಬಾಗಿದರು. ಅದು ನನಗೆ ಇನ್ನಷ್ಟು ದಿಗಿಲು ಹುಟ್ಟಿಸಿತು.

ಆಗಸ್ಟ್ ಮೊದಲ ವಾರ ಚಾಲಕನಿಲ್ಲದ ವಿಮಾನವೊಂದು ಐದು ಹೂಜಿಗಳನ್ನು ನೆಲೆಯಿಂದ ಮೂರು ಕಿಲೋಮೀಟರ್ ದೂರದ ಹಿಮದ ಮೇಲೆ ಇಳಿಸಿ ಕಾದು ನಿಂತಿತು. ಅದೇ ದಿನ ಮುತ್ತಣ್ಣನನ್ನು ಜಿಲ್ಲಾ ಆಸ್ಪತ್ರೆಗೆ ಸೇರಿಸಿದೆವು. ದವಡೆ ಹಿಡಿದುಕೊಂಡಿತ್ತು. ಗಂಜಿಯನ್ನು ಕೊಳವೆಯಲ್ಲಿ ಕೊಡಬೇಕಿತ್ತು. ಎದೆಗೆ ಇನ್ನು ಎರಡು ವಾರ, ಹೆಚ್ಚೆಂದರೆ ಮೂರು ಎಂದರು ವೈದ್ಯರು.

ಧ್ರುವದ ನೆಲೆಯಲ್ಲಿ ಕೆಲಸಕ್ಕೆ ನಿಂತವರು ಅಲ್ಲಿನ ವೈದ್ಯೆ ಡಾ. ಅನು ಕುರಿಯನ್. ಅಡುಗೆಮನೆಯ ಮೇಜಿನ ಮೇಲೆ ಪಾತ್ರೆ, ಅದರ ಮುಂದೆ ಕ್ಯಾಮೆರಾ. ನಮ್ಮ ಕಂಟ್ರೋಲ್ ರೂಮಿನ ಪರದೆಯ ಮುಂದೆ ನಾನು, ಡಾ. ಕೊಪ್ಪೀಕರ, ದಾವಲಸಾಬ. ನಮ್ಮ ಕಾರ್ಖಾನೆಯ ವಿಧಾನದ ಹಾಳೆಯನ್ನು ಆಕೆ ಅಕ್ಷರಶಃ ಪಾಲಿಸಿದರು. ಗುಳಿಗೆ ಪುಡಿ ಮಾಡಿ ಹಾಕಿದರು, ಬಿಡದೆ ಕಲಕಿದರು. ಬಂದದ್ದು ಜೋನಿಬೆಲ್ಲದಂಥ ಅಂಟು. ಎರಡನೇ ಹೂಜಿಯೂ ಅಂಟು. ಮೂರನೆಯದೂ. ನಾಲ್ಕನೆಯದೂ. ಸೂಜಿ ಬರಲಿಲ್ಲ, ಅದೊಂದೇ ಸಮಾಧಾನ. ಇನ್ನೊಂದು ವಿಮಾನ ಸಿದ್ಧವಾಗಲು ಒಂದು ತಿಂಗಳು ಬೇಕು. ಉಳಿದದ್ದು ಒಂದು ಹೂಜಿ.

ಐದನೆಯದನ್ನು ಒಡೆಯುವ ಮೊದಲು ನಾನು ಇಂಗ್ಲಿಷಿನಲ್ಲಿ ಮತ್ತೊಮ್ಮೆ ಓದಿ ಹೇಳುತ್ತಿದ್ದೆ. ಪರದೆಯ ಹಿಂಭಾಗದಲ್ಲಿ ಚಪಾತಿ ಲಟ್ಟಿಸುತ್ತಿದ್ದವನೊಬ್ಬ ತಿರುಗಿ ನೋಡಿದ. ಆಗ ದಾವಲಸಾಬರು ನನ್ನ ಪಕ್ಕದಿಂದ ಕನ್ನಡದಲ್ಲಿ ಗೊಣಗಿದರು: "ಮೇಡಂ, ಹೆಪ್ಪ ತಳಕ್ಕ ಕುಂಡ್ರಾಕತ್ತೈತಿ ಅನಸ್ತೈತ್ರಿ."

ಲಟ್ಟಣಿಗೆ ನಿಂತಿತು.

"ಹೆಪ್ಪ?" ಎಂದ ಪರದೆಯ ಒಳಗಿನವನು. "ಯಾರ್ರಿ ಅದು ಕನ್ನಡದಾಗ ಮಾತಾಡೂದು? ಹೆಪ್ಪ ಹಾಕೂದೇನ್ರಿ ಇದು?"

ಅವನು ನೆಲೆಯ ಅಡುಗೆಯವನು, ಗುಳೇದಗುಡ್ಡದ ಚೆನ್ನಮಲ್ಲ. "ಹೌದಪಾ, ಹೆಪ್ಪು ಹಾಕೂದು," ಎಂದೆ.

"ಮತ್ತ ಅದನ್ನ ಹೇಳಬಾರದೇನ್ರಿ ಅಕ್ಕಾರ! ನಾಕ ದಿನದಿಂದ ನೋಡಾಕತ್ತೀನಿ, ಡಾಕ್ಟರ್ ಬಾಯಾರು ಅಂಬಲಿ ಮಾಡಾಕತ್ತಾರಂತ ತಿಳಕೊಂಡಿದ್ದೆ. ಹೆಪ್ಪ ಹಾಕಿದ ಮ್ಯಾಲ ಯಾರರ ಕೈ ಆಡಸ್ತಾರೇನ್ರಿ?"

ನಾನು ದಾವಲಸಾಬರ ಮುಖ ನೋಡಿದೆ. ನಮ್ಮ ದೊಡ್ಡ ಪಾತ್ರೆಯಲ್ಲಿ ಕಲಕಲೇಬೇಕು, ಇಲ್ಲದಿದ್ದರೆ ತಳ ಮೇಲು ಬಿಸಿ ಒಂದಾಗುವುದಿಲ್ಲ. ಇಪ್ಪತ್ತು ಲೀಟರಿಗೆ ಅದು ಬೇಕೇ? ನನ್ನ ಹಾಳೆಯನ್ನು ನಾನು ಸಾವಿರ ಸಲ ಓದಿದ್ದೆ, ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ನೀ ಆಗಿದ್ರ ಹೆಂಗ ಮಾಡ್ತಿದ್ದಿ?" ಎಂದೆ.

"ಹೆಪ್ಪ ಒಣಾದ ಒಗ್ಯಾಂಗಿಲ್ರಿ. ಮೊದಲ ಅದರ ಹಾಲಿನ್ಯಾಗನ ಒಂದ ಚಮಚಾ ತಗದು ಅದರಾಗ ಕಲಸ್ಕೋಬೇಕು. ಹಾಲಿನ್ಯಾಗ ಬೆರಳಿಟ್ರ ಸುಡಬಾರದು, ಬೆಚ್ಚಗ ಅನ್ನಬೇಕು. ಆವಾಗ ಬಿಟ್ಟು, ಎರಡ ಸುತ್ತ ತಿರುವಿ, ಮುಚ್ಚಿ, ಕಂಬಳಿ ಹೊದಿಸಿ ದೂರ ಹೋಗೂದು. ಇಲ್ಲಿ ಐವತ್ತ ಡಿಗ್ರಿ ಚಳಿಯಾಗ ನಾ ಮೊಸರ ಮಾಡ್ತೀನ್ರಿ. ಒಂದ ದಿನಾ ಕೆಟ್ಟಿಲ್ಲ."

ಡಾ. ಕೊಪ್ಪೀಕರ ನನ್ನ ಕಡೆ ತಿರುಗಿದರು. "ನೀ ಹೇಳು. ಪ್ರೊಸೆಸ್ ಕೆಮಿಸ್ಟ್ ನೀನು."

ಉಳಿದದ್ದು ಒಂದೇ ಹೂಜಿ. ಹಾಳೆಯಲ್ಲಿ ಇಲ್ಲದ್ದನ್ನು ನಾನು ಎಂದೂ ಮಾಡಿಸಿದವಳಲ್ಲ. ಮಾಡಿಸಿದ ಒಂದೇ ಒಂದನ್ನೂ, ಆ ಡಬ್ಬಿಯ ಹೆಪ್ಪನ್ನು, ಸುಳ್ಳು ಬರೆದು ಮುಚ್ಚಿದ್ದೆ. ಪೆನ್ನು ತೆಗೆದು ಅವನು ಹೇಳಿದ್ದನ್ನೆಲ್ಲ ಹೊಸ ಹಾಳೆಯಲ್ಲಿ ಬರೆದೆ. ಬೆರಳು ಎಂದಲ್ಲಿ ನಲವತ್ತೆರಡು ಡಿಗ್ರಿ, ಕಂಬಳಿ ಎಂದಲ್ಲಿ ಗಂಟೆಗೆ ಎರಡು ಡಿಗ್ರಿ ಆರಬೇಕು ಎಂದು ಸೇರಿಸಿದೆ. ಕೆಳಗೆ ನಿಜವಾದ ಸಹಿ ಮಾಡಿದೆ.

"ಹಾಕಪಾ ಹೆಪ್ಪು," ಎಂದೆ.

ಮರುದಿನ ಮಧ್ಯಾಹ್ನ ಕ್ಯಾಮೆರಾ ತೆರೆದರು. ಅಲ್ಲಿ ಎರಡು ತಿಂಗಳ ಕತ್ತಲು ಮುಗಿದು ಸೂರ್ಯ ದಿಗಂತದಲ್ಲಿ ಸ್ವಲ್ಪ ಹೊತ್ತು ಕಾಣಿಸಿಕೊಳ್ಳುವ ದಿನಗಳು. ಅಡುಗೆಮನೆಯ ಕಿಟಕಿಯಿಂದ ಕೆಂಪು ಬೆಳಕು ಅಡ್ಡಲಾಗಿ ಬಂದು ಮೇಜನ್ನು ಮುಟ್ಟಿತ್ತು. ಚೆನ್ನಮಲ್ಲ ಕಂಬಳಿ ತೆಗೆದ, ಮುಚ್ಚಳ ತೆಗೆದ, ಪಾತ್ರೆಯನ್ನು ನಮ್ಮ ಕಡೆ ಸ್ವಲ್ಪ ಓರೆ ಮಾಡಿದ.

ಪಾತ್ರೆಯ ತುಂಬ ಬೆಳಕು ಅಲುಗಾಡಿತು. ತೆಳ್ಳನೆಯ ತಟ್ಟೆಗಳು, ಲಕ್ಷ ಲಕ್ಷ, ಒಂದೊಂದೂ ತನ್ನ ಪಾಲಿನ ಸೂರ್ಯನನ್ನು ಹಿಡಿದು ತಿರುಗಿಸುತ್ತಿತ್ತು. ಎಷ್ಟೋ ತಿಂಗಳಿಂದ ಭೂಮಿಯ ಮೇಲೆ ಯಾರೂ ಹುಟ್ಟಿಸಲಾಗದಿದ್ದ ಒಂದು ರೂಪ, ಕರಗಿ ಎಲ್ಲವನ್ನೂ ಮರೆತ ಮೇಲೆ, ಒಂದು ಗುಳಿಗೆಯ ಪುಡಿಯನ್ನು ನೋಡಿ ತನ್ನನ್ನು ತಾನು ನೆನಪಿಸಿಕೊಂಡಿತ್ತು. ಅಣುವಿಗೆ ಕಣ್ಣಿಲ್ಲ, ನೆನಪಿಲ್ಲ. ಹೀಗೆ ಹೇಳುವುದು ತಪ್ಪೆಂದು ಗೊತ್ತು. ಸರಿಯಾದ ಮಾತು ನನ್ನ ಪಾಠದ ಪುಸ್ತಕಗಳಲ್ಲಿ ಇದ್ದಿರಬೇಕು. ಆ ಹೊತ್ತಿಗೆ ಒಂದೂ ನೆನಪಿಗೆ ಬರಲಿಲ್ಲ.

"ಯಾ ಅಲ್ಲಾ," ಎಂದರು ದಾವಲಸಾಬ, ಮೆಲ್ಲಗೆ. "ನಮ್ಮ ಮಾಲ್."

* * *

ಮುತ್ತಣ್ಣ ಆಸ್ಪತ್ರೆ ಸೇರಿದ ಹದಿಮೂರನೇ ದಿನ ಪುಡಿ ಬಂತು. ಒಣದಾಗಿಯೇ ಗುಳಿಗೆ ಒತ್ತಿದರು. ಮುತ್ತಣ್ಣನ ಉಸಿರಿಗೆ ಆಗಲೇ ಯಂತ್ರ ಹಚ್ಚಿದ್ದರು. ಗುಳಿಗೆಯನ್ನು ತೇಯ್ದು ಕೊಳವೆಯಲ್ಲಿ ಬಿಟ್ಟು ನಾನು ಸ್ಟೂಲಿನ ಮೇಲೆ ಕೂತೆ. ಎರಡನೇ ದಿನ ಏನೂ ಇಲ್ಲ. ಮೂರನೇ ದಿನ ಯಂತ್ರ ತೆಗೆದರು. ನಾಲ್ಕನೇ ದಿನ ಅವರ ತುಟಿ ಅಲುಗಿತು. ಬಗ್ಗಿ ಕಿವಿ ಕೊಟ್ಟೆ.

"ಗಂಜಿಗೆ ಉಪ್ಪ ಹಾಕ್ರಿ ಅಂತ ಹೇಳು ಇವರಿಗೆ," ಎಂದರು.

ಅದಾದ ಮೇಲೆ ಎರಡು ದಿನಕ್ಕೊಂದು ಪಾತ್ರೆ. ವಿಮಾನ ಹೋಗುತ್ತದೆ, ಹೂಜಿ ಇಳಿಸುತ್ತದೆ, ಪುಡಿ ತರುತ್ತದೆ. ನೆಲೆಯ ಹನ್ನೊಂದು ಜನ ಪಾಳಿ ಹಾಕಿಕೊಂಡರು. ಹೆಪ್ಪು ಹಾಕುವುದು ಮಾತ್ರ ಚೆನ್ನಮಲ್ಲನೇ.

ಅಕ್ಟೋಬರ್ ಬಂತು. ನವೆಂಬರಿಗೆ ಹಡಗು ಹೋಗಬೇಕು, ಹೊಸ ತಂಡ ಇಳಿಯಬೇಕು, ಇವರು ಮನೆಗೆ ಬರಬೇಕು. ಅಷ್ಟರಲ್ಲಿ ಸೂಜಿಯ ಧೂಳು ಆಸ್ಪತ್ರೆಗಳಲ್ಲಿ, ಬಂದರುಗಳಲ್ಲಿ, ಚರಂಡಿಗಳಲ್ಲಿ ಎಲ್ಲೆಲ್ಲೂ ಇತ್ತು. ಇನ್ನೊಂದು ಶುದ್ಧ ನೆಲೆಯನ್ನು ಒಂದು ದ್ವೀಪದಲ್ಲಿ ಕಟ್ಟಲು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಯಾರೂ ಹೋಗಬಾರದು. ಹೋಗಬಾರದೆಂದರೆ ಇವರು ಬರಬಾರದು.

ಸರ್ಕಾರ ಆಜ್ಞೆ ಮಾಡಲು ಒಪ್ಪಲಿಲ್ಲ, ಕೇಳಿ ಒಪ್ಪಿಸಿ ಎಂದಿತು. ಹತ್ತು ಜನರನ್ನು ಅವರವರ ಇಲಾಖೆಯವರು ಕೇಳಿದರು. ಹತ್ತು ಜನರೂ ಒಂದೇ ಉತ್ತರ ಕೊಟ್ಟರು: ಚೆನ್ನಮಲ್ಲ ಇದ್ದರೆ ಇರುತ್ತೇವೆ. ಅವನನ್ನು ಕೇಳುವುದು ನನ್ನ ಪಾಲಿಗೆ ಬಂತು. ಈ ಎಲ್ಲದರ ಬುಡದಲ್ಲಿ ನನ್ನ ಮೂರು ದಿನಗಳಿವೆ ಎಂಬುದನ್ನೂ ಮುಚ್ಚಿಡದೆ ಹೇಳಿ, ಕೇಳಿದೆ.

ಅವನು ಒಲೆ ಒರೆಸುತ್ತಲೇ ಇದ್ದ. "ನಿಮ್ಮ ಯಜಮಾನ್ರು ಈಗ ಹೆಂಗದಾರ್ರಿ?"

"ಇವತ್ತ ಅಂಗಡಿ ತಗದಾರ."

"ಛಲೋ ಆತು. ನಂದೇನಿಲ್ರಿ ಅಕ್ಕಾರ. ಉಣ್ಣಾಕ ಐತಿ, ಚಳಿ ರೂಢಿ ಆಗೈತಿ. ಮಾರ್ಗಶಿರದಾಗ ಲಗ್ನ ಇಟ್ಟಾರ, ಅದೊಂದ. ಹುಡುಗಿ ನಮ್ಮೂರಾಕಿನ, ಸುವರ್ಣಾ ಅಂತ. ನಾ ಬರಂಗಿಲ್ಲ ಅಂತ ನಾನ ಹೇಳಿದ್ರ ನೆಪಾ ಮಾಡ್ತಾನ ಅಂತಾಳ. ನೀವ ಫೋನ್ ಮಾಡ್ರಿ. ಆಕಿ ಹೂಂ ಅಂದ್ರ ನಾ ಇರ್ತೀನಿ. ಬ್ಯಾಡ ಅಂದ್ರ..."

ಸುವರ್ಣಾ ಖಣ ನೇಯುವ ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದಳು. ಫೋನಿನಲ್ಲಿ ಅವಳ ಹಿಂದಿನಿಂದ ಮಗ್ಗಗಳ ಸದ್ದು ಕೇಳುತ್ತಿತ್ತು. ನಾನು ಬರೆದಿಟ್ಟುಕೊಂಡದ್ದನ್ನು ಓದಿದಂತೆ ಎಲ್ಲ ಹೇಳಿದೆ. ಹರಳು, ಧೂಳು, ಹೆಪ್ಪು, ಒಂದು ವರ್ಷ.

"ಎಷ್ಟ ಮಂದಿಗಂತ್ರಿ ಅದು ಗುಳಿಗಿ?"

"ತೊಂಬತ್ತು ಸಾವಿರ."

"ಅಷ್ಟೂ ಮಂದೀದು ಹೆಪ್ಪ ಇವರ ಹಾಕೂದು?"

"ಹೂಂ. ಅವನ."

ಮಗ್ಗಗಳ ಸದ್ದು ದೂರವಾಯಿತು. ಹೊರಗೆ ಬಂದಿರಬೇಕು.

"ನನ್ನ ನೋಡಾಕ ಬಂದಾಗ ಉಪ್ಪಿಟ್ಟಿನ್ಯಾಗ ಉಪ್ಪ ಹೆಚ್ಚಾಗೈತಿ ಅಂದಿದ್ರು, ಎಲ್ಲಾರ ಮುಂದ. ನಮ್ಮವ್ವಗ ಭಾಳ ಸಿಟ್ಟ ಬಂದಿತ್ತು."

"ಹೆಚ್ಚಾಗಿತ್ತೇನು?" ಎಂದೆ.

"ಆಗಿತ್ರಿ," ಎಂದಳು. ಆಮೇಲೆ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಅಕ್ಕಾರ, ಇಲ್ಲಿಂದ ಅಲ್ಲಿಗೆ ಏನೂ ಹೋಗೂಹಂಗಿಲ್ಲಂತೀರಿ. ಒಂದ ಕಾಗದಾನೂ?"

"ಕಾಗದಾನೂ ಬ್ಯಾಡವಾ. ಒಂದು ಫೈಲ್ ಹೋಗಿ ಒಂದು ಕಾರ್ಖಾನಿ ಕೆಟ್ಟತು."

"ಮಾತು?"

ನಾನು ಯೋಚಿಸಿದೆ. ಯೋಚಿಸುವಂಥದ್ದೇನೂ ಅಲ್ಲ, ಆದರೂ ಯೋಚಿಸಿದೆ. ಇಲ್ಲಿಂದ ಆಕಾಶಕ್ಕೆ, ಆಕಾಶದಿಂದ ಹಿಮಕ್ಕೆ, ಕಣವೇ ಇಲ್ಲದ ದಾರಿ.

"ಮಾತಿಗೆ ಧೂಳ ಹತ್ತೂದಿಲ್ಲ," ಎಂದೆ.

"ಹಂಗಾರ ನಂಬರ ಕೊಡ್ರಿ. ಇರು ಅಂತ ನಾನ ಹೇಳ್ತೀನಿ. ನಿಮ್ಮ ಬಾಯಿಂದ ಬ್ಯಾಡ."

ಉಪಗ್ರಹ ಫೋನಿನ ನಂಬರು ಹದಿನೈದು ಅಂಕಿಯದು. ನಿಧಾನವಾಗಿ ಹೇಳಿದೆ. ಅವಳು ತಿರುಗಿ ಓದಿದಳು. ಇನ್ನೊಮ್ಮೆ ಓದು ಎಂದೆ. ಇನ್ನೊಮ್ಮೆ ಓದಿದಳು. ಒಂದು ಅಂಕಿಯೂ ತಪ್ಪಿರಲಿಲ್ಲ.